ಸೊಂಟದ ಕೀಲಿಗೊಂದು ಲೆಕ್ಕದ ಹೊತ್ತಗೆ

ಕಳೆದ ಚಳಿಗಾಲದ ಒಂದು ಸಂಜೆ ನಮ್ಮ ಪರಿಚಯದ ಮನೆತನದ ತರುಣನೊಬ್ಬನು ಎಕ್ಸ್‌ರೇ ಚಿತ್ರಗಳ ದೊಡ್ಡ ಲಕೋಟೆಯೊಂದನ್ನು ಹಿಡಿದುಕೊಂಡು ನಮ್ಮಲ್ಲಿಗೆ ಬಂದನು. ಅವನ ತಾಯಿಗೆ 66 ವರ್ಷ. ಎರಡು ವರ್ಷಗಳಿಂದ ಬಲಸೊಂಟದ ನೋವು. ಅಡುಗೆಮನೆಯಿಂದ ಪಡಸಾಲೆಗೆ ಬರುವುದೇ ಅವರಿಗೆ ದೊಡ್ಡ ಪ್ರಯಾಣವಾಗಿತ್ತು. ನೆಲದ ಮೇಲೆ ಕೂರುವುದು ಎಂದೋ ನಿಂತುಹೋಗಿತ್ತು. ರಾತ್ರಿ ಮಗ್ಗುಲು ಬದಲಿಸಿದರೆ ಎಚ್ಚರವಾಗುತ್ತಿತ್ತು.

"ಕೀಲು ಬದಲಿಸಬೇಕೆಂದು ಡಾಕ್ಟರು ಹೇಳಿದ್ದಾರೆ, ಗುರುಗಳೇ. ಅವ್ವ ಒಂದೇ ಮಾತು ಕೇಳುತ್ತಾಳೆ, ಹೊಸ ಕೀಲು ಎಷ್ಟು ವರ್ಷ ಬಾಳುತ್ತದೆ ಎಂದು. ಡಾಕ್ಟರು ಹದಿನೈದು ಎಂದರು. ಓಣಿಯವರು ಹತ್ತು ಎನ್ನುತ್ತಾರೆ. ಕಂಪನಿಯ ಕಾಗದದಲ್ಲಿ ಮೂವತ್ತು ಎಂದಿದೆ. ಯಾರ ಮಾತು ನಂಬಬೇಕು?" ಎಂದು ಅವನು ಕೇಳಿದನು.

ನಾವು ವೈದ್ಯರಲ್ಲ. ಮಠದ ಪಾಠಶಾಲೆಯಲ್ಲಿ ವ್ಯಾಕರಣವನ್ನೂ ತರ್ಕವನ್ನೂ ಓದಿದವರು. ಆದರೆ ತರ್ಕವನ್ನು ಕಲಿಸಿದ ಗುರುಗಳು ಯಾವ ಮಾತು ಕಿವಿಗೆ ಬಿದ್ದರೂ ಮೊದಲು ಒಂದು ಪ್ರಶ್ನೆ ಕೇಳುವ ಅಭ್ಯಾಸವನ್ನು ನಮ್ಮಲ್ಲಿ ಬೆಳೆಸಿದ್ದರು: ಈ ಮಾತಿಗೆ ಪ್ರಮಾಣವೇನು? ಆ ತರುಣನಿಗೆ ಅಂದು ಉತ್ತರ ಕೊಡಲಾಗಲಿಲ್ಲ. ನಾಲ್ಕು ದಿನ ಸಮಯ ಕೇಳಿ, ತಿಳಿದವರನ್ನು ವಿಚಾರಿಸಿ, ಓದಬೇಕಾದುದನ್ನು ಓದಿದೆವು. ಹಾಗೆ ತಿಳಿದುಕೊಂಡುದನ್ನು ವಯಸ್ಸಾದ ತಂದೆತಾಯಿಗಳಿರುವ ಎಲ್ಲ ಮನೆಗಳ ಹಿತಕ್ಕಾಗಿ ಇಲ್ಲಿ ನಿವೇದಿಸುತ್ತಿದ್ದೇವೆ.

ಒಬ್ಬರ ಅನುಭವ ಏಕೆ ಸಾಲದು?

ತೊಡೆಯೆಲುಬಿನ ತುದಿಯಲ್ಲಿ ಒಂದು ಗುಂಡು, ಸೊಂಟದ ಎಲುಬಿನಲ್ಲಿ ಆ ಗುಂಡು ತಿರುಗುವ ಒಂದು ಬಟ್ಟಲು, ನಡುವೆ ನುಣುಪಾದ ಮೃದ್ವಸ್ಥಿ. ಇದೇ ಸೊಂಟದ ಕೀಲು. ಮೃದ್ವಸ್ಥಿ ಸವೆದರೆ ಎಲುಬಿಗೆ ಎಲುಬು ಉಜ್ಜಿ ನೋವು ಹುಟ್ಟುತ್ತದೆ. ಶಸ್ತ್ರವೈದ್ಯರು ಸವೆದ ಗುಂಡನ್ನು ತೆಗೆದು, ಕಾಂಡವುಳ್ಳ ಹೊಸ ಗುಂಡನ್ನು ತೊಡೆಯೆಲುಬಿನೊಳಗೆ ಕೂರಿಸಿ, ಬಟ್ಟಲಿಗೂ ಹೊಸ ಒಳಪದರವನ್ನು ಕೊಡುತ್ತಾರೆ.

ಈ ಚಿಕಿತ್ಸೆ ಇಂದಿನ ರೂಪಕ್ಕೆ ಬಂದುದು ಇಂಗ್ಲೆಂಡಿನ ಜಾನ್ ಚಾರ್ನ್ಲಿ ಎಂಬ ವೈದ್ಯರಿಂದ. ಲ್ಯಾಂಕಷೈರಿನ ರೈಟಿಂಗ್ಟನ್ ಆಸ್ಪತ್ರೆಯಲ್ಲಿದ್ದ ಅವರು ಮೊದಲು ಬಟ್ಟಲಿಗೆ ಟೆಫ್ಲಾನ್ ಬಳಸಿದರು. ಆರಂಭದಲ್ಲಿ ರೋಗಿಗಳು ಸಂತೋಷದಿಂದ ನಡೆದಾಡಿದರು. ಕೆಲವೇ ವರ್ಷಗಳಲ್ಲಿ ಟೆಫ್ಲಾನ್ ಸವೆದು, ಅದರ ಪುಡಿ ಸುತ್ತಲಿನ ಮಾಂಸವನ್ನು ಕೆಡಿಸಿತು. ಆ ಪುಡಿ ದೇಹಕ್ಕೆ ಏನು ಮಾಡುತ್ತದೆಂದು ತಿಳಿಯಲು ಚಾರ್ನ್ಲಿಯವರು ಅದನ್ನು ತಮ್ಮ ತೊಡೆಗೇ ಚುಚ್ಚಿಕೊಂಡು ನೋಡಿದರು. ಬಳಿಕ 1962ರ ನವೆಂಬರಿನಲ್ಲಿ ಗಟ್ಟಿಯಾದ ಪಾಲಿಥೀನ್ ಬಟ್ಟಲನ್ನು ಬಳಸತೊಡಗಿದರು. ಆ ಕೀಲು ನಿಂತಿತು.

ಈ ಕಥೆಯಿಂದ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಕೃತಕ ಕೀಲಿನ ಗುಣ ಶಸ್ತ್ರಚಿಕಿತ್ಸೆಯ ಮರುದಿನ ತಿಳಿಯುವುದಿಲ್ಲ. ಮೊದಲ ವರ್ಷ ಎಲ್ಲರೂ ನಗುತ್ತಾರೆ. ಐದನೆಯ, ಹತ್ತನೆಯ, ಇಪ್ಪತ್ತನೆಯ ವರ್ಷದಲ್ಲಿ ಯಾರು ನಗುತ್ತಿದ್ದಾರೆ ಎಂಬುದೇ ಪ್ರಶ್ನೆ. ಅಷ್ಟು ಹೊತ್ತಿಗೆ ರೋಗಿ ಊರು ಬಿಟ್ಟಿರಬಹುದು, ವೈದ್ಯರು ನಿವೃತ್ತರಾಗಿರಬಹುದು. ಕೀಲು ಕೆಟ್ಟವನು ಮೊದಲಿನ ವೈದ್ಯರ ಮೇಲೆ ಬೇಸರಗೊಂಡು ಮತ್ತೊಬ್ಬರ ಬಳಿ ಹೋಗಿರಬಹುದು. ಆಗ ಮೊದಲಿನ ವೈದ್ಯರ ಎಣಿಕೆಯಲ್ಲಿ ಅವನು ಗುಣವಾದವನೆಂದೇ ಉಳಿಯುತ್ತಾನೆ.

ಇನ್ನೊಂದು ಲೆಕ್ಕವನ್ನೂ ನೋಡೋಣ. ಒಳ್ಳೆಯ ಕೀಲು ಐದು ವರ್ಷಗಳಲ್ಲಿ ನೂರಕ್ಕೆ ಮೂರು ಕೆಡುತ್ತದೆ, ಕೆಟ್ಟ ಕೀಲು ನೂರಕ್ಕೆ ಹನ್ನೆರಡು ಕೆಡುತ್ತದೆ ಎಂದಿಟ್ಟುಕೊಳ್ಳಿ. ಒಬ್ಬ ವೈದ್ಯರು ಇಪ್ಪತ್ತು ಜನರಿಗೆ ಕೀಲು ಕೂರಿಸಿದರೆ ಒಳ್ಳೆಯದರಲ್ಲಿ ಒಂದು ಕೆಡಬಹುದು, ಕೆಟ್ಟದರಲ್ಲಿ ಎರಡೋ ಮೂರೋ. ಒಂದಕ್ಕೂ ಎರಡಕ್ಕೂ ಇರುವ ವ್ಯತ್ಯಾಸವನ್ನು ಯಾರಾದರೂ ಕಾಕತಾಳೀಯವೆಂದೇ ಭಾವಿಸುತ್ತಾರೆ. ಅದೇ ಸಾವಿರ ಜನರನ್ನು ಒಟ್ಟಿಗೆ ಎಣಿಸಿದರೆ ಮೂವತ್ತಕ್ಕೆ ಎದುರಾಗಿ ನೂರಿಪ್ಪತ್ತು ನಿಲ್ಲುತ್ತದೆ. ಆಗ ಕುರುಡನಿಗೂ ಕಾಣುತ್ತದೆ. ತರ್ಕಶಾಸ್ತ್ರವು ಭೂಯೋದರ್ಶನವೆಂದು ಕರೆಯುವುದು ಇದನ್ನೇ: ಮತ್ತೆ ಮತ್ತೆ, ಬಹಳ ಕಡೆಗಳಲ್ಲಿ ಕಂಡ ಮೇಲೆ ನಿಯಮವನ್ನು ಹೇಳುವುದು.

ಸ್ವೀಡನ್ನರ ಕಿರ್ದಿ

ಇದನ್ನು ಮೊದಲು ಮನಗಂಡವರು ಉತ್ತರ ಯುರೋಪಿನ ಸಣ್ಣ ದೇಶಗಳವರು. ಸ್ವೀಡನ್ ದೇಶವು 1975ರಲ್ಲಿ ಮಂಡಿಯ ಕೀಲುಗಳಿಗೂ 1979ರಲ್ಲಿ ಸೊಂಟದ ಕೀಲುಗಳಿಗೂ ರಾಷ್ಟ್ರೀಯ ನೋಂದಣಿಯನ್ನು ಆರಂಭಿಸಿತು. ನಾರ್ವೆ 1987ರಲ್ಲಿ, ಆಸ್ಟ್ರೇಲಿಯ 1999ರಲ್ಲಿ, ಇಂಗ್ಲೆಂಡ್ ಮತ್ತು ವೇಲ್ಸ್ 2003ರಲ್ಲಿ ಅದೇ ದಾರಿ ಹಿಡಿದವು. ಇಂಗ್ಲೆಂಡಿನ ಹೊತ್ತಗೆಯಲ್ಲಿ ಇಂದು 30 ಲಕ್ಷಕ್ಕೂ ಅಧಿಕ ಕೀಲು ಶಸ್ತ್ರಚಿಕಿತ್ಸೆಗಳ ದಾಖಲೆಯಿದೆ.

ಕ್ರಮವು ನಮ್ಮ ಹಳೆಯ ವರ್ತಕರ ಕಿರ್ದಿ-ಖಾತೆಯಷ್ಟೇ ಸರಳ. ಶಸ್ತ್ರಚಿಕಿತ್ಸೆಯಾದ ದಿನವೇ ರೋಗಿಯ ವಯಸ್ಸು, ಲಿಂಗ, ಕೀಲು ಕೆಡಲು ಕಾರಣ, ಮಾಡಿದ ಆಸ್ಪತ್ರೆ ಮತ್ತು ವೈದ್ಯರು, ಕೂರಿಸಿದ ಪ್ರತಿಯೊಂದು ಬಿಡಿಭಾಗದ ಹೆಸರು ಹಾಗೂ ತಯಾರಿಕೆಯ ಸಂಖ್ಯೆ, ಸಿಮೆಂಟು ಬಳಸಲಾಯಿತೇ ಇಲ್ಲವೇ ಎಂಬುದನ್ನೆಲ್ಲ ಬರೆದಿಡುತ್ತಾರೆ. ಇದು ಕಿರ್ದಿ. ಮುಂದೊಂದು ದಿನ ಅದೇ ರೋಗಿಗೆ, ಅದೇ ಕಾಲಿಗೆ, ದೇಶದ ಯಾವ ಮೂಲೆಯಲ್ಲಾದರೂ ಮರುಶಸ್ತ್ರಚಿಕಿತ್ಸೆಯಾದರೆ ಅದೂ ದಾಖಲಾಗುತ್ತದೆ. ರೋಗಿಗೆ ಜೀವಮಾನವಿಡೀ ಒಂದೇ ಗುರುತಿನ ಸಂಖ್ಯೆ ಇರುವುದರಿಂದ ಎರಡೂ ನಮೂದುಗಳು ಒಂದೇ ಖಾತೆಗೆ ಬಂದು ಸೇರುತ್ತವೆ. ಮರಣದ ದಾಖಲೆಯನ್ನೂ ಅದಕ್ಕೆ ಹೊಂದಿಸುತ್ತಾರೆ. ಕೀಲು ಕೂರಿಸಿದ ದಿನದಿಂದ ಅದನ್ನು ಬದಲಿಸುವ ದಿನದವರೆಗಿನ ಕಾಲವೇ ಕೀಲಿನ ಆಯುಷ್ಯ. ಹೀಗೆ ಎಣಿಸಿದ ಮೇಲೆ ಪ್ರತಿಯೊಂದು ಆಸ್ಪತ್ರೆಗೂ ಅದರ ಫಲಿತಾಂಶವನ್ನು ಮರಳಿ ತಿಳಿಸುತ್ತಾರೆ. ತನ್ನ ಲೆಕ್ಕವನ್ನು ನೆರೆಯವನ ಲೆಕ್ಕದ ಪಕ್ಕದಲ್ಲಿ ಕಂಡ ವೈದ್ಯನು ಯಾರ ಉಪದೇಶವೂ ಇಲ್ಲದೆ ತಿದ್ದಿಕೊಳ್ಳುತ್ತಾನೆ.

ಹೊತ್ತಗೆ ಬಾರಿಸಿದ ಎಚ್ಚರಿಕೆಯ ಗಂಟೆ

ಈ ಹೊತ್ತಗೆಗಳ ಬೆಲೆ ಎರಡು ಪ್ರಸಂಗಗಳಿಂದ ತಿಳಿಯುತ್ತದೆ.

ಬೋನ್‌ಲಾಕ್ ಎಂಬ ಹೊಸ ಸಿಮೆಂಟು 1991ರಲ್ಲಿ ಬಳಕೆಗೆ ಬಂದಿತು. ಹಳೆಯದಕ್ಕಿಂತ ಇದು ಉತ್ತಮವೆಂಬ ನಂಬಿಕೆಯಿತ್ತು. ನಾರ್ವೆಯ ನೋಂದಣಿಯವರು ಚಾರ್ನ್ಲಿ ಮಾದರಿಯ 8,579 ಕೀಲುಗಳ ದಾಖಲೆಯನ್ನು ಸಿಮೆಂಟಿನ ಜಾತಿಗೆ ತಕ್ಕಂತೆ ವಿಂಗಡಿಸಿ ನೋಡಿದರು. ಕೀಲು ಅದೇ, ಸಿಮೆಂಟು ಮಾತ್ರ ಬೇರೆ. ಬೋನ್‌ಲಾಕ್ ಬಳಸಿದವು ಬಹು ಬೇಗನೆ ಸಡಿಲವಾಗುತ್ತಿದ್ದವು. 1995ರಲ್ಲಿ ಆ ಸಿಮೆಂಟು ಮಾರುಕಟ್ಟೆಯಿಂದ ಹೊರಬಿದ್ದಿತು. ನೋಂದಣಿ ಇಲ್ಲದಿದ್ದರೆ ಇನ್ನೆಷ್ಟು ವರ್ಷ ಅದು ಬಳಕೆಯಲ್ಲಿರುತ್ತಿತ್ತೋ!

ಎರಡನೆಯದು ಇನ್ನೂ ದೊಡ್ಡದು. ಲೋಹದ ಬಟ್ಟಲಿನಲ್ಲಿ ಲೋಹದ ಗುಂಡು ತಿರುಗುವ ಕೀಲುಗಳು 2000ದ ನಂತರ ಬಹಳ ಜನಪ್ರಿಯವಾದವು. ಸವೆಯುವುದಿಲ್ಲ, ಎಳೆಯ ವಯಸ್ಸಿನವರಿಗೆ ಹೇಳಿ ಮಾಡಿಸಿದ್ದು ಎಂದು ಹೊಗಳಿಕೆ. ಅವುಗಳಲ್ಲಿ ಒಂದು ಜಾನ್ಸನ್ ಅಂಡ್ ಜಾನ್ಸನ್ ಸಮೂಹಕ್ಕೆ ಸೇರಿದ ಡೆಪ್ಯು ಕಂಪನಿಯ ಎ.ಎಸ್.ಆರ್. ಎಂಬುದು. ಆಸ್ಟ್ರೇಲಿಯದ ನೋಂದಣಿಯು 2007ರ ಸುಮಾರಿಗೇ ಇದು ನಿರೀಕ್ಷೆಗಿಂತ ಹೆಚ್ಚು ಕೆಡುತ್ತಿದೆಯೆಂದು ಗುರುತಿಸಿತು. 2009ರ ಕೊನೆಯಲ್ಲಿ ಅಲ್ಲಿ ಅದನ್ನು ಹಿಂತೆಗೆದುಕೊಳ್ಳಲಾಯಿತು. ಇಂಗ್ಲೆಂಡಿನ ದಾಖಲೆಯಲ್ಲಿಯೂ ಐದು ವರ್ಷಗಳೊಳಗೆ ನೂರಕ್ಕೆ 12ರಿಂದ 13 ಕೀಲುಗಳನ್ನು ಮತ್ತೆ ಬದಲಿಸಬೇಕಾಗಿ ಬಂದುದು ಕಂಡಿತು. 2010ರ ಆಗಸ್ಟಿನಲ್ಲಿ ಜಗತ್ತಿನಾದ್ಯಂತ ಆ ಕೀಲನ್ನು ಹಿಂದಕ್ಕೆ ಕರೆಯಲಾಯಿತು. ಅಷ್ಟರಲ್ಲಿ ಸುಮಾರು 93,000 ಜನರ ದೇಹದೊಳಗೆ ಅದು ಸೇರಿಯಾಗಿತ್ತು.

2012ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನ 4,02,051 ಕೀಲುಗಳ ದಾಖಲೆಯನ್ನು ಶೋಧಿಸಿದಾಗ ದೋಷವು ಒಂದು ಕಂಪನಿಯದಷ್ಟೇ ಅಲ್ಲವೆಂದು ತಿಳಿಯಿತು. ಕಾಂಡವುಳ್ಳ ಲೋಹ-ಲೋಹದ ಕೀಲುಗಳಲ್ಲಿ ಗುಂಡು ದೊಡ್ಡದಾದಷ್ಟೂ ಬೇಗ ಕೆಡುತ್ತಿತ್ತು. 60 ವರ್ಷದ ಗಂಡಸರಲ್ಲಿ 28 ಮಿಲಿಮೀಟರಿನ ಗುಂಡಿದ್ದರೆ ಐದು ವರ್ಷಗಳಲ್ಲಿ ನೂರಕ್ಕೆ 3.2, 52 ಮಿಲಿಮೀಟರಿನದಾದರೆ 5.1. ದೊಡ್ಡ ಗುಂಡು ಜಾರಿ ಹೊರಬರುವುದಿಲ್ಲ, ಆದ್ದರಿಂದ ಅದೇ ಮೇಲು ಎಂಬ ಊಹೆ ಕೇಳುವುದಕ್ಕೆ ಸರಿಯಾಗಿಯೇ ಇತ್ತು. ಲೆಕ್ಕ ಬೇರೆ ಮಾತನ್ನು ಹೇಳಿತು.

ದಾಖಲೆಗಳು ದೋಷವನ್ನಷ್ಟೇ ಅಲ್ಲ, ಗುಣವನ್ನೂ ತೋರಿಸಿವೆ. 2003ರಿಂದ 2011ರವರೆಗಿನ 4,09,096 ಶಸ್ತ್ರಚಿಕಿತ್ಸೆಗಳನ್ನು ಪರಿಶೀಲಿಸಿದಾಗ, ಚಿಕಿತ್ಸೆಯಾದ 90 ದಿನಗಳೊಳಗೆ ಮರಣ ಹೊಂದಿದವರ ಪ್ರಮಾಣ ನೂರಕ್ಕೆ 0.56ರಿಂದ 0.29ಕ್ಕೆ ಇಳಿದಿತ್ತು. ಬೆನ್ನುಹುರಿಯ ಬಳಿ ಕೊಡುವ ಅರಿವಳಿಕೆ, ರಕ್ತ ಹೆಪ್ಪುಗಟ್ಟದಂತೆ ಮಾಡುವ ಔಷಧ ಹಾಗೂ ಸಾಧನಗಳು, ಹಿಂಭಾಗದಿಂದ ಕೀಲನ್ನು ತಲಪುವ ವಿಧಾನ, ಇವು ಕಡಿಮೆ ಮರಣದೊಂದಿಗೆ ಸೇರಿಕೊಂಡಿದ್ದವು. ಕೀಲು ಯಾವ ಬಗೆಯದು ಎಂಬುದಕ್ಕೂ ಆ ಮರಣಕ್ಕೂ ಸಂಬಂಧ ಕಾಣಲಿಲ್ಲ.

ಅವ್ವನ ಪ್ರಶ್ನೆಗೆ ಉತ್ತರ

ಇನ್ನು ಆ ತಾಯಿಯ ಪ್ರಶ್ನೆಗೆ ಬರೋಣ. ಆಸ್ಟ್ರೇಲಿಯ ಮತ್ತು ಫಿನ್ಲೆಂಡ್ ದೇಶಗಳ ನೋಂದಣಿಗಳನ್ನು ಕೂಡಿಸಿ 2019ರಲ್ಲಿ ಪ್ರಕಟವಾದ ಅಧ್ಯಯನವೊಂದಿದೆ. ಎರಡು ಲಕ್ಷಕ್ಕೂ ಹೆಚ್ಚು ಕೀಲುಗಳನ್ನು ಎಣಿಸಿದ ಆ ಅಧ್ಯಯನದ ಪ್ರಕಾರ 15 ವರ್ಷ ಬಾಳಿದವು ನೂರಕ್ಕೆ ಸುಮಾರು 89, 20 ವರ್ಷ ಬಾಳಿದವು ಸುಮಾರು 70, 25 ವರ್ಷ ಬಾಳಿದವು ಸುಮಾರು 58.

ಆದರೆ ಕೀಲಿನ ಆಯುಷ್ಯ ಬೇರೆ, ಮನುಷ್ಯನ ಆಯುಷ್ಯ ಬೇರೆ. ಒಂದು ಕೀಲು ನನ್ನ ಜೀವಮಾನಕ್ಕೆ ಸಾಕಾದೀತೇ ಎಂಬುದಲ್ಲವೇ ಮನೆಯವರ ನಿಜವಾದ ಪ್ರಶ್ನೆ? ಇದಕ್ಕೆ ಬ್ರಿಟನ್ನಿನ ಕುಟುಂಬ ವೈದ್ಯರ ಬಳಿಯಿರುವ ರೋಗಿಗಳ ಬೃಹತ್ ದಾಖಲೆ ನೆರವಾಯಿತು. 1991ರಿಂದ 2011ರವರೆಗೆ ಸೊಂಟದ ಕೀಲು ಬದಲಿಸಿಕೊಂಡ 63,158 ಜನರನ್ನು ಹಿಂಬಾಲಿಸಿ 2017ರಲ್ಲಿ ಪ್ರಕಟಿಸಿದ ಫಲಿತಾಂಶ ಹೀಗಿದೆ: 70 ವರ್ಷ ದಾಟಿದ ಮೇಲೆ ಚಿಕಿತ್ಸೆ ಮಾಡಿಸಿಕೊಂಡವರಲ್ಲಿ ಉಳಿದ ಜೀವಮಾನದಲ್ಲಿ ಮರುಶಸ್ತ್ರಚಿಕಿತ್ಸೆ ಬೇಕಾಗುವ ಸಂಭವ ನೂರಕ್ಕೆ ಸುಮಾರು 5. ವಯಸ್ಸು ಕಡಿಮೆಯಾದಂತೆ ಸಂಭವ ಏರುತ್ತದೆ. 50ರ ಆಸುಪಾಸಿನ ಗಂಡಸರಲ್ಲಿ ಅದು ಬಹಳ ಹೆಚ್ಚು. ಅದೇ ವಯಸ್ಸಿನ ಹೆಂಗಸರಲ್ಲಿ ಸಾಕಷ್ಟು ಕಡಿಮೆ.

ನಾಲ್ಕು ದಿನಗಳ ಬಳಿಕ ಬಂದ ಆ ತರುಣನಿಗೆ ನಾವು ಇದನ್ನೇ ಹೇಳಿದೆವು. "ಹತ್ತು, ಹದಿನೈದು, ಮೂವತ್ತು ಎಂದು ಒಂದೇ ಅಂಕಿ ಹೇಳುವವರಾರೂ ಪೂರ್ತಿ ಮಾತನ್ನು ಹೇಳಿಲ್ಲ. ಅವ್ವನ ವಯಸ್ಸಿನ ಹೆಂಗಸರಲ್ಲಿ ಬಹುಪಾಲಿಗೆ ಒಂದೇ ಕೀಲು ಕೊನೆಯವರೆಗೆ ಸಾಕಾಗಿದೆ. ಕೆಲವರಿಗೆ ಸಾಕಾಗಿಲ್ಲ. ಅವ್ವ ಯಾರ ಗುಂಪಿಗೆ ಸೇರುತ್ತಾರೆಂದು ಯಾವ ಹೊತ್ತಗೆಯೂ ಹೇಳಲಾರದು."

ಹಸಿ ಸೌದೆಯ ಪಾಠ

ಈ ದೊಡ್ಡ ಲೆಕ್ಕಗಳನ್ನು ಓದುವಾಗಲೂ ಎಚ್ಚರ ಬೇಕು. ತರ್ಕದ ಪಾಠದಲ್ಲಿ ಬಾಲಕರಾಗಿದ್ದಾಗ ನಾವು ಕಲಿತ ಹಳೆಯ ಉದಾಹರಣೆಯೊಂದಿದೆ. ಬೆಂಕಿಯಿದ್ದಲ್ಲೆಲ್ಲ ಹೊಗೆಯಿರುತ್ತದೆ ಎಂದು ಹೇಳಬಹುದೇ? ಹೇಳಲಾಗದು. ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದೆ, ಹೊಗೆಯಿಲ್ಲ. ಹೊಗೆಗೆ ಹಸಿ ಸೌದೆಯೂ ಬೇಕು. ಕಣ್ಣಿಗೆ ಬೀಳದೆ ನಡುವೆ ನಿಂತ ಈ ಹಸಿ ಸೌದೆಯನ್ನು ತಾರ್ಕಿಕರು ಉಪಾಧಿ ಎಂದು ಕರೆದರು.

ರೋಗಿಗಳ ದಾಖಲೆಗಳಲ್ಲಿಯೂ ಹಸಿ ಸೌದೆ ಅಡಗಿರುತ್ತದೆ. ಒಂದು ಬಗೆಯ ಕೀಲು ಹಾಕಿಸಿಕೊಂಡವರು ಹೆಚ್ಚು ವರ್ಷ ಬದುಕಿದರೆ ಕೀಲಿನಿಂದಲೇ ಬದುಕಿದರೆಂದು ಹೇಳಲಾಗದು. ವೈದ್ಯರು ಆ ಕೀಲನ್ನು ಗಟ್ಟಿಮುಟ್ಟಾದವರಿಗೇ ಆರಿಸಿ ಹಾಕಿರಬಹುದು. ಒಂದು ಆಸ್ಪತ್ರೆಯಲ್ಲಿ ಹೆಚ್ಚು ಕೀಲುಗಳು ಕೆಟ್ಟರೆ ಅಲ್ಲಿಯ ವೈದ್ಯರು ಅಸಮರ್ಥರೆಂದೂ ಹೇಳಲಾಗದು. ಬೇರೆಯವರು ಕೈಬಿಟ್ಟ ಕಠಿಣ ರೋಗಿಗಳು ಅಲ್ಲಿಗೇ ಬರುತ್ತಿರಬಹುದು. ಆದ್ದರಿಂದಲೇ ಸಂಶೋಧಕರು ವಯಸ್ಸು, ಲಿಂಗ, ಇತರ ಕಾಯಿಲೆಗಳನ್ನು ಸರಿದೂಗಿಸಿ, ಸಮಾನರನ್ನು ಸಮಾನರೊಡನೆ ತೂಗಲು ಶ್ರಮಿಸುತ್ತಾರೆ. ಬರೆದಿಟ್ಟುದನ್ನು ಸರಿದೂಗಿಸಬಹುದು. ಬರೆಯದೆ ಬಿಟ್ಟುದನ್ನು ಸರಿದೂಗಿಸುವುದು ಹೇಗೆ?

ಮತ್ತೊಂದು ಕೊರತೆಯೂ ಇದೆ. ನೋಂದಣಿಯು ಮರುಶಸ್ತ್ರಚಿಕಿತ್ಸೆಯನ್ನು ಎಣಿಸುತ್ತದೆ, ನೋವನ್ನಲ್ಲ. ಕೀಲು ನೋಯುತ್ತಿದ್ದರೂ ಇನ್ನೊಮ್ಮೆ ಕೊಯ್ಯಿಸಿಕೊಳ್ಳಲು ಹೆದರಿ ಮೂಲೆ ಸೇರಿದ ಮುದುಕಿ ಆ ಲೆಕ್ಕದಲ್ಲಿ ಯಶಸ್ಸಾಗಿಯೇ ಉಳಿಯುತ್ತಾಳೆ. ಈ ದೋಷವನ್ನು ನೀಗಲು ಇಂಗ್ಲೆಂಡಿನಲ್ಲಿ 2009ರ ಏಪ್ರಿಲ್‌ನಿಂದ ರೋಗಿಗಳನ್ನೇ ಕೇಳುವ ಕ್ರಮ ಬಂದಿತು. ಆಕ್ಸ್‌ಫರ್ಡಿನಲ್ಲಿ ರೂಪಿಸಿದ 12 ಪ್ರಶ್ನೆಗಳಿವೆ. ರಾತ್ರಿ ನೋವಿನಿಂದ ಎಚ್ಚರವಾಗುತ್ತದೆಯೇ? ಮೆಟ್ಟಿಲು ಹತ್ತಬಲ್ಲಿರಾ? ಕಾಲುಚೀಲ ಹಾಕಿಕೊಳ್ಳಬಲ್ಲಿರಾ? ಚಿಕಿತ್ಸೆಗೆ ಮೊದಲೂ ಆಮೇಲೂ ಉತ್ತರ ಪಡೆದು 48 ಅಂಕಗಳಿಗೆ ತೂಗುತ್ತಾರೆ.

ಆದರೆ ಆ ಪ್ರಶ್ನೆಗಳಲ್ಲಿ ನೆಲದ ಮೇಲೆ ಪದ್ಮಾಸನ ಹಾಕಿ ಕೂರಬಲ್ಲಿರಾ ಎಂಬುದಿಲ್ಲ. ಕುಕ್ಕರುಗಾಲಿನಲ್ಲಿ ಕೂತು ಏಳಬಲ್ಲಿರಾ ಎಂಬುದಿಲ್ಲ. ಹೊಸ ಕೀಲು ಜಾರದಿರಲೆಂದು ಇಂಥ ಭಂಗಿಗಳನ್ನು ವೈದ್ಯರು ಬೇಡವೆನ್ನುವುದುಂಟು. ಮೇಲಾಗಿ ನಮ್ಮ ದೇಶದಲ್ಲಿ ತೊಡೆಯೆಲುಬಿನ ಗುಂಡಿಗೆ ರಕ್ತ ಹರಿಯದೆ ಅದು ಕುಸಿದು, ತರುಣ ವಯಸ್ಸಿನಲ್ಲೇ ಕೀಲು ಬದಲಿಸಿಕೊಳ್ಳುವವರು ಅನೇಕರಿದ್ದಾರೆ. ಪರದೇಶದ ಹೊತ್ತಗೆ ನಮ್ಮ ನೆಲದ ಎಲ್ಲ ಪ್ರಶ್ನೆಗಳಿಗೂ ಉತ್ತರ ಕೊಡಲಾರದು.

ನಮ್ಮ ಲೆಕ್ಕ ಎಲ್ಲಿದೆ?

ಭಾರತದಲ್ಲಿ ಸೊಂಟ ಮತ್ತು ಮಂಡಿಯ ಶಸ್ತ್ರವೈದ್ಯರ ಸಂಘವು ತನ್ನದೊಂದು ನೋಂದಣಿಯನ್ನು ನಡೆಸಿಕೊಂಡು ಬಂದಿದೆ. ಅದು ಸ್ವಂತ ಇಚ್ಛೆಯಿಂದ ದಾಖಲಿಸುವವರ ಹೊತ್ತಗೆ. ಕಾಯಿದೆಯ ಬಲ ಅದಕ್ಕಿಲ್ಲ. ಇದರ ಪರಿಣಾಮ ಮೇಲೆ ಹೇಳಿದ ಎ.ಎಸ್.ಆರ್. ಕೀಲಿನ ಪ್ರಸಂಗದಲ್ಲಿಯೇ ತಿಳಿಯಿತು. ನಮ್ಮ ದೇಶದಲ್ಲಿ ಸುಮಾರು 4,700 ಶಸ್ತ್ರಚಿಕಿತ್ಸೆಗಳಲ್ಲಿ ಆ ಕೀಲನ್ನು ಬಳಸಲಾಗಿತ್ತು. ಕೇಂದ್ರ ಆರೋಗ್ಯ ಸಚಿವಾಲಯವು 2017ರಲ್ಲಿ ನೇಮಿಸಿದ ತಜ್ಞರ ಸಮಿತಿ ವಿಚಾರಣೆಗೆ ಇಳಿದಾಗ ಸಹಾಯವಾಣಿಯ ಮೂಲಕ ಗುರುತು ಸಿಕ್ಕಿದ್ದು ಸಾವಿರದ ಆಸುಪಾಸಿನ ಜನರದು ಮಾತ್ರ. ಉಳಿದವರು ಯಾರು, ಎಲ್ಲಿದ್ದಾರೆ, ಅವರ ರಕ್ತದಲ್ಲಿ ಲೋಹದ ಅಂಶವೆಷ್ಟು, ಅವರಿಗೆ ತಮ್ಮೊಳಗಿರುವುದು ಇಂಥ ಕೀಲೆಂದು ಗೊತ್ತಿದೆಯೇ? ಪರಿಹಾರ ಕೊಡಬೇಕೆಂದು ಸಮಿತಿ ಹೇಳಿತು. ವಿಳಾಸವೇ ಸಿಗದವನ ಕೈಗೆ ಪರಿಹಾರ ಮುಟ್ಟುವುದು ಹೇಗೆ?

ನಮ್ಮ ಹಿರಿಯ ಮಿತ್ರರೊಬ್ಬರ ನೆನಪು ಇಲ್ಲಿ ಬರುತ್ತದೆ. ನಿವೃತ್ತ ಶಿಕ್ಷಕರು. ಹದಿಮೂರು ವರ್ಷಗಳ ಹಿಂದೆ ಒಂದು ಆಸ್ಪತ್ರೆಯಲ್ಲಿ ಅವರ ಕೀಲು ಬದಲಿಸಲಾಗಿತ್ತು. ಎರಡು ವರ್ಷಗಳ ಹಿಂದೆ ಅದು ಸಡಿಲವಾದಾಗ ಬೇರೊಬ್ಬ ವೈದ್ಯರು, "ಒಳಗಿರುವುದು ಯಾವ ಕೀಲು, ಯಾವ ಅಳತೆಯದು? ತಿಳಿದರೆ ಬಟ್ಟಲನ್ನಷ್ಟೇ ಬದಲಿಸಿ ಕಾಂಡವನ್ನು ಉಳಿಸಬಹುದು" ಎಂದರು. ಮೊದಲಿನ ಆಸ್ಪತ್ರೆಯಲ್ಲಿ ಕಡತವಿರಲಿಲ್ಲ. ಮನೆಯಲ್ಲಿ ಹಣ ಕಟ್ಟಿದ ರಸೀದಿಯೊಂದೇ ಇದ್ದಿತು. ಕೊನೆಗೆ ಗಟ್ಟಿಯಾಗಿ ಕೂತಿದ್ದ ಕಾಂಡವನ್ನೂ ಎಲುಬು ಸೀಳಿ ತೆಗೆಯಬೇಕಾಯಿತು. ಗುರುತಿನ ಒಂದು ಚೀಟಿಯಿಲ್ಲದ ತಪ್ಪಿಗೆ ಆ ಹಿರಿಯರು ಆರು ತಿಂಗಳು ಹಾಸಿಗೆ ಹಿಡಿದರು.

ಮನೆಯವರು ಮಾಡಬೇಕಾದದ್ದು

ರಾಷ್ಟ್ರದ ಹೊತ್ತಗೆ ಪೂರ್ಣವಾಗುವವರೆಗೆ ಮನೆಯ ಹೊತ್ತಗೆಯನ್ನಾದರೂ ನಾವು ಇಟ್ಟುಕೊಳ್ಳಬಹುದು. ಕೀಲಿನ ಪ್ರತಿಯೊಂದು ಬಿಡಿಭಾಗದ ಪೆಟ್ಟಿಗೆಯಲ್ಲಿಯೂ ಹೆಸರು, ಅಳತೆ, ತಯಾರಿಕೆಯ ಸಂಖ್ಯೆಗಳನ್ನು ಮುದ್ರಿಸಿದ ಅಂಟುಚೀಟಿಗಳಿರುತ್ತವೆ. ಅವುಗಳ ಒಂದು ಪ್ರತಿಯನ್ನು ಬಿಡುಗಡೆಯ ಕಾಗದದ ಮೇಲೆ ಅಂಟಿಸಿಕೊಡಿರೆಂದು ವಿನಯದಿಂದ ಕೇಳಿರಿ. ಅದನ್ನು ಮನೆಪತ್ರ, ಹೊಲದ ಪಹಣಿಗಳ ಜೊತೆಗೆ ಜೋಪಾನ ಮಾಡಿರಿ, ಮಕ್ಕಳಿಗೂ ಜಾಗ ತೋರಿಸಿರಿ.

ಚಿಕಿತ್ಸೆಗೆ ಮೊದಲೇ ವೈದ್ಯರನ್ನು ಕೇಳಬೇಕಾದ ಮಾತುಗಳೂ ಇವೆ. ಈ ಕೀಲಿಗೆ ಎಷ್ಟು ವರ್ಷಗಳ ದಾಖಲೆಯಿದೆ? ಇಂಗ್ಲೆಂಡಿನಲ್ಲಿ ತಜ್ಞರ ಮಂಡಲಿಯೊಂದು ಕೀಲುಗಳಿಗೆ 5, 10, 15 ಎಂದು ಪುರಾವೆಯ ವರ್ಷಗಳನ್ನು ಸೂಚಿಸುವ ದರ್ಜೆ ಕೊಡುತ್ತದೆ. ಓಡೆಪ್ ದರ್ಜೆ ಎಂದರೆ ವೈದ್ಯರಿಗೆ ತಿಳಿಯುತ್ತದೆ. ಹೊಚ್ಚ ಹೊಸದು ಎಂಬುದು ಸೀರೆಗೆ ಹೊಗಳಿಕೆಯಾದೀತು. ದೇಹದೊಳಗೆ ಇಪ್ಪತ್ತು ವರ್ಷ ಇರಬೇಕಾದ ವಸ್ತುವಿಗೆ ಅದು ಹೊಗಳಿಕೆಯಲ್ಲ. ನಿಮ್ಮ ರೋಗಿಗಳ ವಿವರವನ್ನು ನೋಂದಣಿಗೆ ಕಳುಹಿಸುವಿರಾ ಎಂದೂ ಕೇಳಿರಿ. ಕಳುಹಿಸುವುದಾದರೆ ಒಪ್ಪಿಗೆಯ ಕಾಗದವನ್ನು ಓದಿ, ಗೋಪ್ಯತೆಯನ್ನು ಹೇಗೆ ಕಾಪಾಡುತ್ತಾರೆಂದು ತಿಳಿದು, ಸಂತೋಷದಿಂದ ಸಹಿ ಮಾಡಿರಿ. ನಮಗೆ ಇಂದು ದೊರೆತ ಉತ್ತರಗಳೆಲ್ಲ ನಾವು ಎಂದೂ ಕಾಣದ ಲಕ್ಷಾಂತರ ಜನರು ಹಾಗೆ ಸಹಿ ಮಾಡಿದ್ದರಿಂದಲೇ ಬಂದವು.

ಆ ತಾಯಿ ಮಗನ ಮಾತನ್ನೆಲ್ಲ ಕೇಳಿ ಎರಡು ದಿನ ಸುಮ್ಮನಿದ್ದರಂತೆ. ಮೂರನೆಯ ದಿನ, "ನೂರರಲ್ಲಿ ಬಹಳ ಮಂದಿಗೆ ಒಳ್ಳೆಯದಾಗಿದೆ ಅಂದ ಮೇಲೆ ನಾನೂ ನೋಡುತ್ತೇನೆ" ಎಂದರಂತೆ. ಮಾಘ ಮಾಸದಲ್ಲಿ ಚಿಕಿತ್ಸೆಯಾಯಿತು. ಮೊನ್ನೆ ನಾವು ಅವರ ಮನೆಗೆ ಹೋದಾಗ ಅವರೇ ಅಡುಗೆಮನೆಯಿಂದ ಹಾಲಿನ ಲೋಟ ಹಿಡಿದು ನಿಧಾನವಾಗಿ ನಡೆದು ಬಂದರು. ನೆಲದ ಮೇಲೆ ಕೂರುವಂತಿಲ್ಲವೆಂಬ ಒಂದು ಕೊರಗು ಇನ್ನೂ ಇದೆ. ಆಮೇಲೆ ಕಪಾಟಿನಿಂದ ಒಂದು ಪ್ಲಾಸ್ಟಿಕ್ ಚೀಲವನ್ನು ತಂದು ನಮ್ಮ ಮುಂದಿಟ್ಟರು. ಒಳಗೆ ಬಿಡುಗಡೆಯ ಕಾಗದ, ಅದರ ಮೇಲೆ ಸಾಲಾಗಿ ನಾಲ್ಕು ಅಂಟುಚೀಟಿಗಳು. "ಸೊಸೆಗೂ ತೋರಿಸಿ ಇಟ್ಟಿದ್ದೇನೆ" ಎಂದರು.